ಚೀಲಪ್ಪನ ಶುದ್ಧ ಸ್ಯಾಂಪಲ್ಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕೂದಲು. ಅದೂ ಕಣ್ಣಿಗೆ ಕಂಡ ಕೂದಲಲ್ಲ, ಯಂತ್ರಕ್ಕೆ ಕಂಡ ಕೂದಲು. ಕಣ್ಣಿಗೆ ಕಂಡಿದ್ದರೆ ಚಿಮಟದಲ್ಲಿ ಹಿಡಿದು ಆಚೆ ಎಸೆದು ಚೀಲಪ್ಪ ಹಾಯಾಗಿರುತ್ತಿದ್ದ. ನನಗೂ ಈ ಕತೆ ಬರೆಯುವ ಶ್ರಮ ತಪ್ಪುತ್ತಿತ್ತು.

ಚೀಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಪ್ರಯೋಗಾಲಯದವರು ಇಟ್ಟದ್ದು. ನಮ್ಮ ಮೈಯ ಜೀವಕೋಶಗಳು ಸುಮ್ಮನೆ ಕೂರುವಂಥವಲ್ಲ. ಹಗಲೂ ರಾತ್ರಿ ತಮ್ಮ ಮೈಯಿಂದ ಪುಟ್ಟ ಪುಟ್ಟ ಚೀಲಗಳನ್ನು ಆಚೆ ಬಿಡುತ್ತಲೇ ಇರುತ್ತವೆ. ಅವುಗಳೊಳಗೆ ಬಗೆಬಗೆಯ ಪ್ರೋಟೀನು ತುಂಬಿಸಿ ಪಕ್ಕದ ಕೋಶಕ್ಕೆ, ದೂರದ ಕೋಶಕ್ಕೆ ರವಾನಿಸುತ್ತವೆ. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಹೋಗುವ ಹಾಗೆ. ಕೆಟ್ಟುಹೋದ ಕೋಶ ಯಾವ ಪ್ರೋಟೀನನ್ನು ಹೊರಗೆ ಕಳಿಸುತ್ತಿದೆ ಎಂದು ಗೊತ್ತಾದರೆ ರೋಗವನ್ನು ಅದು ಬಲಿಯುವ ಮೊದಲೇ ಹಿಡಿಯಬಹುದು. ಆದ್ದರಿಂದ ಚೀಲ ಬಿಚ್ಚಿ ಒಳಗೇನಿದೆ ಎಂದು ನೋಡುವುದೇ ಚೀಲಪ್ಪನ ಕೆಲಸ. ಬೇರೆಯವರ ಚೀಲಕ್ಕೆ ಕೈ ಹಾಕಿ ಸಂಬಳ ತರುವ ಗಂಡ ಎಲ್ಲರಿಗೂ ಸಿಗುವುದಿಲ್ಲ ಎಂದು ಅವನ ಹೆಂಡತಿ ಮದುವೆಯಾದ ಹೊಸದರಲ್ಲಿ ತಮಾಷೆ ಮಾಡುತ್ತಿದ್ದಳು. ಈಗ ಮಾಡುವುದಿಲ್ಲ.

ಚೀಲದಲ್ಲಿ ಏನಿದೆ ಎಂದು ಹೇಳುವುದಕ್ಕೆ ಒಂದು ಭಾರಿ ಯಂತ್ರವಿದೆ. ಅದು ಪ್ರೋಟೀನಿನ ಚೂರುಗಳನ್ನು ತೂಗಿ ಒಂದೊಂದರ ಹೆಸರು ಹೇಳುತ್ತದೆ. ಅದನ್ನು ನೋಡಿಕೊಳ್ಳುವವರು ನರೆತ ಮೀಸೆಯ ಹಿರಿಯರು, ಎಲ್ಲರ ಬಾಯಲ್ಲೂ ಮೆಷಿನ್ ಮಾವ. ಚೀಲಪ್ಪ ಎರಡು ಸಲ ತನ್ನ ಸ್ಯಾಂಪಲ್ಲನ್ನು ಅವರ ಕೈಗೆ ಕೊಟ್ಟಿದ್ದ. ಎರಡು ಸಲವೂ ಯಂತ್ರ ಹೇಳಿದ್ದು ಒಂದೇ ಮಾತು: ಮನುಷ್ಯನ ಚರ್ಮ, ಮನುಷ್ಯನ ಕೂದಲು. ಏನು ಮಾಡುವುದು, ಮನುಷ್ಯ ಎನ್ನುವವನು ನಿಂತಲ್ಲೇ ಉದುರುತ್ತಿರುತ್ತಾನೆ. ಚೀಲಗಳಲ್ಲಿ ಇರುವ ಪ್ರೋಟೀನು ಎಷ್ಟು ಕಡಿಮೆ ಎಂದರೆ, ಕೆಲಸ ಮಾಡುವವನ ತಲೆಯಿಂದ ಬಿದ್ದ ಧೂಳೇ ಅದನ್ನು ಮುಚ್ಚಿಹಾಕಿಬಿಡುತ್ತದೆ.

"ಏನಪ್ಪಾ," ಎಂದಿದ್ದರು ಮೆಷಿನ್ ಮಾವ ಎರಡನೇ ಸಲ, "ಚೀಲ ಬಿಚ್ಚಿ ತಂದಿದ್ದೀಯೋ, ಕ್ಷೌರದ ಅಂಗಡಿ ಗುಡಿಸಿ ತಂದಿದ್ದೀಯೋ?"

ಅಲ್ಲಿಗೆ ಒಂದು ವರ್ಷ ಆಸ್ಪತ್ರೆಗೆ ಅಲೆದು ರೋಗಿಗಳ ರಕ್ತದಿಂದ ಕೂಡಿಸಿದ್ದ ಮಾಲೆಲ್ಲ ಖರ್ಚಾಗಿ, ಉಳಿದದ್ದು ಒಂದೇ ಒಂದು ಟ್ಯೂಬು. ಪ್ರಯೋಗಾಲಯದ ಮುಖ್ಯಸ್ಥೆಯಾದ ಮೇಡಂ ಅವನನ್ನು ಕರೆಸಿ ಕೂರಿಸಿ ಹೇಳಿದ್ದರು.

"ನೋಡು, ಇದೇ ಕೊನೇ ಸಲ. ಈ ಸಲನೂ ಕೂದಲೇ ಬಂದ್ರೆ ಚೀಲದ ಕೆಲಸ ಸ್ವೆಟರ್‌ಗೆ ಹೋಗತ್ತೆ. ನಿನ್ನನ್ನ ತಿಂಗಳ ಕೊನೆಗೆ ಬಿಡಬೇಕಾಗತ್ತೆ. ನನಗೂ ಮೇಲಿನೋರು ಇದ್ದಾರಲ್ಲ, ಏನು ಮಾಡ್ಲಿ."

ಸ್ವೆಟರ್ ಎಂದರೆ ಪಕ್ಕದ ಮೇಜಿನವನು. ಬೇಸಿಗೆಯಲ್ಲೂ ಉಣ್ಣೆಯ ಸ್ವೆಟರ್ ತೊಟ್ಟು ತಿರುಗುತ್ತಿದ್ದ. ಒಳ್ಳೆಯ ಹುಡುಗನೇ, ಆದರೆ ಯಾರು ಏನು ಮಾಡುತ್ತಿದ್ದರೂ ಬಗ್ಗಿ ನೋಡಿ ಸಲಹೆ ಕೊಡದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಮನೆಯಲ್ಲೂ ಮಾತು ಇತ್ಯರ್ಥವಾಗಿತ್ತು. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಲೆಕ್ಕ ಬಾಕಿ ಇಡುವವಳಲ್ಲ. "ಇದೂ ಆಗಲಿಲ್ಲ ಅಂದ್ರೆ ನಮ್ಮಣ್ಣನ ಪೇಂಟ್ ಅಂಗಡೀಲಿ ಕೂತ್ಕೊಳಿ. ಡಬ್ಬ ಬಿಚ್ಚಿ ಬಣ್ಣ ತೋರಿಸೋದು ಅಷ್ಟೇ. ಕೂದಲು ಬಿದ್ರೆ ಯಾರೂ ಕೇಳಲ್ಲ," ಎಂದಿದ್ದಳು. ಆ ಅಣ್ಣನೋ, ಗಿರಾಕಿಗಳ ಎದುರಿಗೇ "ಬನ್ನಿ ವಿಜ್ಞಾನಿಗಳೇ" ಎಂದು ಕರೆಯುವ ಆಸಾಮಿ. ಅವನ ಅಂಗಡಿಯ ಸ್ಟೂಲಿನ ಮೇಲೆ ಕೂರುವುದಕ್ಕಿಂತ ಪ್ರಯೋಗಾಲಯದ ನೆಲ ಒರೆಸುವುದೇ ಮೇಲು ಎನ್ನಿಸುತ್ತಿತ್ತು ಚೀಲಪ್ಪನಿಗೆ.

ಹಾಗಾಗಿ ಆ ದಿನ ಬೆಳಿಗ್ಗೆ ಹೆಂಡತಿ ಶಾಲೆಗೆ ಹೋಗಲು ಬಸ್ಸು ಹತ್ತಿದ್ದೇ ತಡ, ಚೀಲಪ್ಪ ಬಚ್ಚಲುಮನೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಮೊದಲು ತಲೆ ಬೋಳಿಸಿದ. ಆಮೇಲೆ ಮೀಸೆ. ಆಮೇಲೆ ಮುಂಗೈ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ಹೆದರಿದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಹುಬ್ಬಿನ ಒಂದು ಎಳೆ ಟ್ಯೂಬಿಗೆ ಬಿದ್ದರೆ ಎಂಬ ಯೋಚನೆ ಬಂದಿತು. ಹುಬ್ಬೂ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಒಳಗೆ ಯಾರೋ ಅಪರಿಚಿತ. "ಯಾರು ಬೇಕಿತ್ತು?" ಎಂದು ಕೇಳುವುದೊಂದು ಬಾಕಿ.

ಬಾಗಿಲಿಗೆ ಬೀಗ ಹಾಕಿ ತಿರುಗುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಅದು ಹಾಗೆಯೇ. ಚೀಲಪ್ಪನ ಮನೆಯ ಬೀಗದ ಸದ್ದಿಗೂ ಎದುರು ಮನೆ ಆಂಟಿಯ ಬಾಗಿಲಿಗೂ ಅದೇನೋ ತಂತಿ ಎಳೆದಿದ್ದಾರೆ ಎಂದು ಕಟ್ಟಡದಲ್ಲಿ ಎಲ್ಲರಿಗೂ ಅನುಮಾನ.

"ಯಾರ್ರೀ ಅದು? ಅವರ ಮನೆ ಬೀಗ ನಿಮ್ಮ ಕೈಲಿ ಯಾಕಿದೆ?"

"ನಾನೇ ಆಂಟಿ."

ದನಿಯ ಗುರುತು ಹತ್ತಿತು, ಮುಖದ ಗುರುತು ಹತ್ತಲಿಲ್ಲ. ಆಂಟಿ ಕನ್ನಡಕ ಹಾಕಿಕೊಂಡು ಬಂದು ಅವನನ್ನು ನೆತ್ತಿಯಿಂದ ಗಲ್ಲದವರೆಗೆ ನೋಡಿದರು. ಹುಬ್ಬಿಲ್ಲದ ಜಾಗದಲ್ಲಿ ಅವರ ಕಣ್ಣು ನಿಂತುಬಿಟ್ಟಿತು. ದನಿ ಒಮ್ಮೆಲೇ ಮೆತ್ತಗಾಯಿತು.

"ಯಾವಾಗಿಂದಪ್ಪಾ?"

"ಏನು ಯಾವಾಗಿಂದ?"

"ಇರ್ಲಿ ಬಿಡು. ಹೇಳ್ಕೊಳ್ಳೋಕೆ ಕಷ್ಟವಾಗತ್ತೆ, ನನಗೆ ಗೊತ್ತು. ಡಾಕ್ಟ್ರು ಏನಂದ್ರು?"

"ಡಾಕ್ಟ್ರಲ್ಲ ಆಂಟಿ, ಮೆಷಿನ್ನಲ್ಲಿ ಬಂದಿದೆ. ಎರಡು ಸಲ ನೋಡಿದ್ವಿ, ಎರಡು ಸಲನೂ ಅದೇ ಬಂತು. ಇವತ್ತು ಕೊನೇ ಸಲ ನೋಡೋದು."

"ಕೊನೇ ಸಲ," ಎಂದು ಆಂಟಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಹೆಂಡ್ತಿಗೆ ಗೊತ್ತಾ?"

ಚೀಲಪ್ಪನ ತಲೆಯಲ್ಲಿ ಆಗಲೇ ಪ್ರಯೋಗಾಲಯದ ಗಡಿಯಾರ ಓಡುತ್ತಿತ್ತು. ಅವನು ಮೆಟ್ಟಿಲಿಳಿಯುತ್ತಲೇ ಹೇಳಿದ, "ಇಲ್ಲ ಆಂಟಿ, ಸಂಜೆ ನಾನೇ ಹೇಳ್ತೀನಿ. ನೀವು ಯಾರಿಗೂ ಹೇಳ್ಬೇಡಿ."

ಯಾರಿಗೂ ಹೇಳಬೇಡಿ ಎಂದು ಆಂಟಿಗೆ ಹೇಳುವುದು ಎಂದರೆ ಬೀದಿಯಲ್ಲಿ ಮೈಕು ಕಟ್ಟಿದಂತೆ. ಪಾಪ, ಅವನು ಅವಸರದಲ್ಲಿದ್ದ.

ಸಂಸ್ಥೆಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಾಕಿದ. ಗುರುತಿನ ಚೀಟಿಯಲ್ಲಿದ್ದವನಿಗೆ ಬಾಚಿದರೂ ಮಲಗದ ದಟ್ಟ ಕೂದಲು, ಪೊದೆಯಂಥ ಮೀಸೆ.

"ಇದು ನೀವಲ್ಲ."

"ನಾನೇ. ಬೋಳಿಸಿದ್ದೀನಿ."

"ಯಾಕೆ?"

"ಕೂದಲು ಬೀಳಬಾರದು ಅಂತ."

"ಕೂದಲು ಬೀಳಬಾರದು ಅಂತ ಯಾರಾದ್ರೂ ಕೂದಲೇ ತೆಗೀತಾರಾ ಸಾರ್?" ಎಂದು ಕಾವಲುಗಾರ ಚೀಟಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಹೆಬ್ಬೆರಳಿನಿಂದ ಫೋಟೋದ ಕೂದಲು ಮುಚ್ಚಿ, ತೋರುಬೆರಳಿನಿಂದ ಮೀಸೆ ಮುಚ್ಚಿ, ಉಳಿದ ಮೂಗನ್ನು ಎದುರಿಗಿದ್ದ ಮೂಗಿನೊಂದಿಗೆ ಹೋಲಿಸಿ ಒಳಗೆ ಬಿಟ್ಟ. ಚೀಲಪ್ಪ ಅಲ್ಲಿಂದ ಓಡಿದ.

ಒಳಗೆ ಹೋದವನೇ ಕೈ ತಿಕ್ಕಿ ತೊಳೆದು, ಹೊಸ ಕೋಟು, ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು, ಕಣ್ಣಿಗೆ ಗಾಗಲ್ಸು, ಕೈಗೆ ಎರಡೆರಡು ಜೊತೆ ಗ್ಲೌಸು ಏರಿಸಿದ. ತನ್ನ ಮೇಜಿನ ಸುತ್ತ ನೆಲಕ್ಕೆ ಟೇಪು ಅಂಟಿಸಿ ಗಡಿ ಎಳೆದ. ಸ್ವೆಟರ್ ಬಂದವನು ನೋಡಿ ಬಾಯಿ ತೆರೆದ.

"ಟೇಪ್ ದಾಟಬೇಡ," ಎಂದ ಚೀಲಪ್ಪ. "ಮಾತಾಡೋದಿದ್ರೆ ಆ ಕಡೆ ಮುಖ ಮಾಡಿ ಮಾತಾಡು."

ಸ್ವೆಟರ್ ವಿಧೇಯನಾಗಿ ಗೋಡೆಯ ಕಡೆ ತಿರುಗಿದ. "ಅಲ್ಲ ಕಣೋ, ಹುಬ್ಬು ಯಾಕೆ?"

"ಯಾಕಾದ್ರೂ ಆಗ್ಲಿ."

"ರೆಪ್ಪೆ ಬಿಟ್ಟಿದ್ದೀಯಲ್ಲ. ರೆಪ್ಪೆನೂ ಉದುರತ್ತೆ."

ಇಂಥ ಮಾತು ಕೇಳಿ ಯಾರಾದರೂ ಶಾಂತವಾಗಿರಲು ಸಾಧ್ಯವೇ? ಚೀಲಪ್ಪನಿಗೆ ಕಣ್ಣು ಮಿಟುಕಿಸಲೂ ಭಯವಾಗತೊಡಗಿತು. ಗಾಗಲ್ಸನ್ನು ಇನ್ನಷ್ಟು ಒತ್ತಿ ಹಾಕಿಕೊಂಡ. ಅದಕ್ಕೆ ಕೂಡಲೇ ಒಳಗಿಂದ ಹಬೆ ಹಿಡಿಯಿತು.

ಮೊದಲ ಕೆಲಸ ಚೀಲಗಳನ್ನು ರಕ್ತದ ನೀರಿನಿಂದ ಬೇರೆ ಮಾಡುವುದು. ಅದಕ್ಕೆ ಸೆಂಟ್ರಿಫ್ಯೂಜ್ ಎಂಬ ಗಿರಗಿರ ತಿರುಗುವ ಯಂತ್ರವಿದೆ. ಅದು ಎಂಥ ವೇಗದಲ್ಲಿ ತಿರುಗುತ್ತದೆ ಎಂದರೆ ಕಣ್ಣಿಗೆ ಕಾಣದ ಚೀಲಗಳೂ ಹೋಗಿ ಟ್ಯೂಬಿನ ತಳಕ್ಕೆ ಅಂಟಿಕೊಳ್ಳುತ್ತವೆ. ಒಂದು ಟ್ಯೂಬನ್ನು ಒಂಟಿಯಾಗಿ ಹಾಕುವಂತಿಲ್ಲ, ಹಾಕಿದರೆ ಯಂತ್ರ ಕುಣಿದು ಒಡೆಯುತ್ತದೆ. ಆದ್ದರಿಂದ ಎದುರು ಕುಳಿಯಲ್ಲಿ ಅಷ್ಟೇ ತೂಕದ ನೀರು ತುಂಬಿದ ಇನ್ನೊಂದು ಟ್ಯೂಬು ಇಡುತ್ತಾರೆ. ಚೀಲಪ್ಪ ಸ್ಯಾಂಪಲ್ಲನ್ನು ನೀರಿನಷ್ಟೇ ತಿಳಿಯಾಗುವವರೆಗೆ ಶೋಧಿಸಿ, ಒಂದು ಟ್ಯೂಬಿಗೆ ಹಾಕಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದ. ಇನ್ನೊಂದಕ್ಕೆ ನೀರು ಹಾಕಿ ಎರಡು ಗೆರೆ ಎಳೆದ. ತಕ್ಕಡಿಯಲ್ಲಿ ಒಂದು ಹನಿ ತೆಗೆದು ಒಂದು ಹನಿ ಹಾಕಿ ತೂಕ ಸಮ ಮಾಡಿದ. ಎರಡನ್ನೂ ಮಂಜುಗಡ್ಡೆಯ ಡಬ್ಬಿಯಲ್ಲಿ ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು.

ಸ್ವೆಟರ್ ತೆಗೆದುಕೊಂಡ. "ಗೇಟಿಂದ ಕಣೋ. ಇಬ್ಬರು ಹೆಂಗಸರು ಬಂದು ಅಳ್ತಾ ಇದ್ದಾರಂತೆ. ನಿನ್ನ ಹೆಸರು ಹೇಳ್ತಾ ಇದ್ದಾರಂತೆ."

"ಆಮೇಲೆ ಬರ್ತೀನಿ ಅನ್ನು."

"ಒಬ್ಬರು ತಲೆ ಸುತ್ತಿ ಕಾವಲುಗಾರನ ಕುರ್ಚಿ ಮೇಲೆ ಕೂತಿದ್ದಾರಂತೆ. ನಿನ್ನ ಅತ್ತೆ ಅಂತೆ."

ಸೆಂಟ್ರಿಫ್ಯೂಜಿಗೆ ಮುಂದಿನ ಸರದಿಯವರು ಆಗಲೇ ಬಾಗಿಲಲ್ಲಿ ಇಣುಕುತ್ತಿದ್ದರು. ಚೀಲಪ್ಪ ಟೋಪಿ, ಮಾಸ್ಕು, ಗಾಗಲ್ಸು ಕಿತ್ತಿಟ್ಟು, ಗ್ಲೌಸನ್ನೂ ಕಳಚದೆ ಗೇಟಿಗೆ ಓಡಿದ.

ಅವನನ್ನು ಕಂಡದ್ದೇ ಕುರ್ಚಿಯ ಮೇಲಿದ್ದ ಅತ್ತೆ ಎದ್ದು ಬಂದು ತಬ್ಬಿಕೊಂಡರು. ಅಳಿಯನನ್ನು ಮಾತಾಡಿಸಲೂ ಬಿಗುಮಾನ ಇಟ್ಟುಕೊಂಡಿದ್ದ ಅತ್ತೆ. ಅವರ ಬಿಚ್ಚಿದ ಜಡೆ ಅವನ ಹೊಸ ಕೋಟಿನ ಮೇಲೆ ಹರಡಿಕೊಂಡಿತು. "ನಮ್ಮ ಹತ್ರ ಯಾಕಪ್ಪಾ ಮುಚ್ಚಿಟ್ಟೆ? ನಾವೇನು ಹೊರಗಿನವರಾ? ಪೇಂಟ್ ಅಂಗಡಿ ಅಂತ ಇವಳು ಅಂದಿದ್ದಕ್ಕೆ ಮನಸ್ಸಿಗೆ ಹಚ್ಕೊಂಡ್ಯಾ?"

ಪಕ್ಕದಲ್ಲಿ ಹೆಂಡತಿ ನಿಂತಿದ್ದಳು. ಎದುರು ಮನೆ ಆಂಟಿಯ ಫೋನು ಬಂದು ಪಾಠದ ನಡುವೆ ಎದ್ದು ಬಂದಿದ್ದಳೆಂದು ಕಾಣುತ್ತದೆ, ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು.

"ರೀ," ಎಂದಳು. "ಎಷ್ಟನೇ ಸ್ಟೇಜು?"

"ಇನ್ನೂ ಒಂದನೇ ಸ್ಟೇಜಲ್ಲೇ ಇದೆ ಕಣೇ," ಎಂದ ಚೀಲಪ್ಪ ಗಡಿಯಾರ ನೋಡುತ್ತಾ. "ಮಧ್ಯಾಹ್ನದೊಳಗೆ ಮೂರನೇದಕ್ಕೆ ಹೋಗಬೇಕು. ನೀವಿಬ್ಬರೂ ಇಲ್ಲಿ ನಿಲ್ಲಿಸಿಕೊಂಡ್ರೆ ಹೇಗೆ ಹೋಗ್ಲಿ?"

ಅತ್ತೆ ಮತ್ತೆ ಕುರ್ಚಿಗೆ ಕುಸಿದರು. ಕಾವಲುಗಾರ ನೀರು ತಂದ. ಹೆಂಡತಿ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಲೆಕ್ಕ ತಾಳೆಯಾಗುತ್ತಿರಲಿಲ್ಲ.

"ಬೆಳಿಗ್ಗೆ ನಾನು ಹೋಗುವಾಗ ಕೂದಲಿತ್ತು. ಯಾವ ಕಾಯಿಲೇಲೂ ಹೀಗೆ ಒಂದೇ ಗಂಟೇಲಿ ಉದುರಲ್ಲ. ಕೆನ್ನೆ ಮೇಲೆ ಬ್ಲೇಡ್ ಗಾಯ ಬೇರೆ ಇದೆ. ನಿಮಗೇನಾಗಿದೆ ಸರಿಯಾಗಿ ಹೇಳಿ."

"ಏನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದ್ದೀನಿ."

"ಮತ್ತೆ ಇದು?"

"ಸ್ಯಾಂಪಲ್‌ಗೆ ಕೂದಲು ಬೀಳಬಾರದು ಅಂತ."

ಹೆಂಡತಿಯ ಮುಖದಲ್ಲಿ ಮೊದಲು ನೆಮ್ಮದಿ ಬಂತು. ಅದು ನಿಜವಾದ ನೆಮ್ಮದಿ, ಗೇಟಿನ ಸರಳು ಹಿಡಿದುಕೊಂಡು ಕಣ್ಣೊರೆಸಿಕೊಂಡಳು. ಅದರ ಬೆನ್ನಿಗೇ ಸಿಟ್ಟು ಬಂತು. ಎಂಟನೇ ತರಗತಿಯವರ ಎದುರು ಅತ್ತದ್ದು, ಹೆಡ್ಮಿಸ್ಸು ಆಟೋ ಹತ್ತಿಸಿ ಕಳಿಸಿದ್ದು, ದಾರಿಯುದ್ದಕ್ಕೂ ಅಮ್ಮನಿಗೆ ಧೈರ್ಯ ಹೇಳಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

"ಸಂಜೆ ಮನೆಗೆ ಬನ್ನಿ," ಎಂದಳು. ಅಷ್ಟೇ. ಅಮ್ಮನ ರಟ್ಟೆ ಹಿಡಿದು ಹೊರಟುಹೋದಳು. ಅತ್ತಿದ್ದಕ್ಕಿಂತ ಇದೇ ಚೀಲಪ್ಪನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಾಪಸು ಬಂದು ಕೋಟಿನ ಮೇಲೆ ನೋಡುತ್ತಾನೆ, ಅತ್ತೆಯ ಉದ್ದನೆಯ ಕೂದಲುಗಳು ನಾಲ್ಕೈದು. ಇನ್ನು ಕಾಣದವು ಎಷ್ಟೋ. ಕೋಟು ಬಿಸಾಡಿದ. ಗ್ಲೌಸು ಬಿಸಾಡಿದ. ಮುಖ ಕೈ ತೊಳೆದು ಹೊಸದಾಗಿ ಎಲ್ಲ ತೊಟ್ಟು ಬಂದರೆ, ಸ್ವೆಟರ್ ಟೇಪಿನ ಗಡಿಯ ಮೇಲೆ ನಿಂತು ಮಂಜುಗಡ್ಡೆಯ ಡಬ್ಬಿಗೆ ಬಗ್ಗಿ ನೋಡುತ್ತಿದ್ದ.

"ಏನು ಮಾಡ್ತಿದ್ದೀಯೋ ಅಲ್ಲಿ?"

"ಕಾಯ್ತಾ ಇದ್ದೆ ಕಣೋ. ಯಾರಾದ್ರೂ ಬಂದು ಮುಟ್ಟಿದ್ರೆ ಅಂತ. ಕಾಲು ಈ ಕಡೇನೇ ಇದೆ ನೋಡು."

ಕಾಲು ಆ ಕಡೆಯೇ ಇತ್ತು, ಮೈಮೇಲಿನ ಸ್ವೆಟರ್ ಅರ್ಧ ಈ ಕಡೆಗೆ ಬಂದಿತ್ತು. ಚೀಲಪ್ಪನಿಗೆ ಅಳುವುದೊಂದು ಬಾಕಿ. ಅತ್ತೆಯ ಜಡೆ ಒಂದು ಕಡೆ, ಕುರಿಯ ಉಣ್ಣೆ ಇನ್ನೊಂದು ಕಡೆ. ಟ್ಯೂಬುಗಳ ಮುಚ್ಚಳವೇನೋ ಬಿಗಿಯಾಗಿ ಹಾಕಿತ್ತು, ಆದರೆ ಹೊರಗೆ ಅಂಟಿಕೊಂಡದ್ದು ಮುಚ್ಚಳ ತೆಗೆಯುವಾಗ ಒಳಗೆ ಬಿದ್ದರೆ? ಸ್ಪಿರಿಟ್ಟಿನ ಬಾಟಲಿ ತೆಗೆದುಕೊಂಡ. ಮೇಜು ಒರೆಸಿದ, ಡಬ್ಬಿ ಒರೆಸಿದ, ತಕ್ಕಡಿ ಒರೆಸಿದ. ಟ್ಯೂಬುಗಳನ್ನು ಎತ್ತಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒರೆಸಿದ. ಸಮಾಧಾನವಾಗದೆ ಇನ್ನೊಮ್ಮೆ ಒರೆಸಿದ.

"ಏನಪ್ಪಾ, ಮದುವೆಗೆ ಕಳಿಸ್ತಾ ಇದ್ದೀಯಾ ಅವನ್ನ? ನಮ್ಮ ಸರದಿ ಆಯ್ತು," ಎಂದು ಬಾಗಿಲಲ್ಲಿದ್ದವರು ರೇಗಿದರು. ಚೀಲಪ್ಪ ಎರಡು ಟ್ಯೂಬನ್ನೂ ಎದುರುಬದುರು ಕುಳಿಗೆ ಇಳಿಸಿ ಗುಂಡಿ ಒತ್ತಿದ. ಯಂತ್ರ ಗುಂಯ್ ಎನ್ನತೊಡಗಿತು.

ಅದು ತಿರುಗುವಷ್ಟು ಹೊತ್ತೂ ಅವನು ಕೂರಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ. ಯಂತ್ರದ ಮೇಲೆ ಕೈ ಇಟ್ಟು ನೋಡಿದ. ಒಂದು ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕೂತದ್ದು ನೆನಪಾಯಿತು. "ಇದರಿಂದ ನಮಗೆ ಅನುಕೂಲ ಆಗತ್ತಾ ಸಾರ್?" ಎಂದು ಕೇಳಿದ ಒಬ್ಬ ಮುದುಕ, "ನಮಗಲ್ಲದಿದ್ರೂ ಪರವಾಗಿಲ್ಲ ತಗೊಳ್ಳಿ" ಎಂದು ತಾನೇ ಸಮಾಧಾನ ಹೇಳಿ ಕೈ ಚಾಚಿದ್ದ. ಚೀಲಪ್ಪನಿಗೆ ಕೆಲಸದ ಮೇಲೆ ಪ್ರೀತಿಯಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪೇಂಟ್ ಅಂಗಡಿಯ ಭಯ ಬೇರೆ, ಇದು ಬೇರೆ.

ಯಂತ್ರ ನಿಂತಿತು. ಎರಡು ಟ್ಯೂಬೂ ಒಂದೇ ರೀತಿ ತಿಳಿಯಾಗಿದ್ದವು. ತಳದಲ್ಲಿ ಏನೂ ಕಾಣುತ್ತಿರಲಿಲ್ಲ. ಚೀಲಗಳು ಕಾಣುವುದಿಲ್ಲ, ಇವೆ ಎಂದು ನಂಬಿಕೊಂಡು ಮುಂದೆ ಹೋಗಬೇಕು. ಹಬೆ ಹಿಡಿದ ಗಾಗಲ್ಸಿನಲ್ಲಿ ಕಣ್ಣು ಕೀಲಿಸಿ ಒಂದು ಗೆರೆಯ ಟ್ಯೂಬನ್ನು ಹುಡುಕಿ ಎತ್ತಿಕೊಂಡ. ಇನ್ನೊಂದನ್ನು ತೊಟ್ಟಿಗೆ ಸುರಿದು ಮೇಲೆ ಬ್ಲೀಚಿಂಗ್ ನೀರು ಹಾಕಿದ. ಉಳಿಸಿಕೊಂಡ ಟ್ಯೂಬಿನ ಮೇಲುನೀರು ಚೆಲ್ಲಿ, ತಳಕ್ಕೆ ಚೀಲ ಒಡೆಯುವ ಔಷಧ ಹಾಕಿ, ಪ್ರೋಟೀನನ್ನು ಚೂರು ಮಾಡುವ ಕಿಣ್ವ ಹಾಕಿ, ಬೆಚ್ಚಗೆ ಇಟ್ಟು, ಮಧ್ಯಾಹ್ನ ಊಟಕ್ಕೂ ಹೋಗದೆ ಎದುರಿಗೇ ಕಾದು ನಿಂತ. ಆಮೇಲೆ ಎರಡು ಕೈಯಲ್ಲೂ ಹಿಡಿದುಕೊಂಡು ಮೆಷಿನ್ ಮಾವನ ಕೋಣೆಗೆ ನಡೆದ. ದಾರಿಯಲ್ಲಿ ಸಿಕ್ಕವರೆಲ್ಲ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಹುಬ್ಬಿಲ್ಲದವನ ಮುಖದಲ್ಲಿ ಸಿಟ್ಟಿದೆಯೋ ಭಯವಿದೆಯೋ ತಿಳಿಯುವುದಿಲ್ಲವಾದ್ದರಿಂದ ಎಲ್ಲರೂ ಸಿಟ್ಟು ಎಂದೇ ತಿಳಿದರು.

ಸಂಜೆಗೆ ಮೆಷಿನ್ ಮಾವನ ಕೋಣೆಯಿಂದ ಕರೆ ಬಂತು. ಅಲ್ಲಿ ಮೇಡಂ ಇದ್ದರು, ಸ್ವೆಟರ್ ಇದ್ದ. ಮೆಷಿನ್ ಮಾವ ಪರದೆಯ ಮುಂದೆ ಕೂತು ಮೀಸೆ ಸವರಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಎಂದೂ ಕಾಣದ ಗೌರವವಿತ್ತು.

"ಬಾರಪ್ಪಾ ಬಾ. ಈ ಕುರ್ಚೀಲಿ ಕೂತ ಮೇಲೆ ಎಷ್ಟೋ ಜನರ ಸ್ಯಾಂಪಲ್ ನೋಡಿದ್ದೀನಿ. ಹೊರಗಡೆಯಿಂದ ದೊಡ್ಡ ದೊಡ್ಡವರದ್ದು ಬಂದಿದೆ. ಇಂಥದ್ದು ನೋಡಿರಲಿಲ್ಲ."

ಚೀಲಪ್ಪ ಒಂದು ಹೆಜ್ಜೆ ಮುಂದೆ ಬಂದ. "ಕೂದಲು?"

"ಇಲ್ಲ."

"ಚರ್ಮ?"

"ಒಂದು ಸಿಪ್ಪೆನೂ ಇಲ್ಲ. ಕುರಿ ಉಣ್ಣೆ ಕೂಡ ಇಲ್ಲ. ಈ ಸ್ವೆಟರ್ ಇರೋ ಕಟ್ಟಡದಲ್ಲಿ ಅದು ಪವಾಡ."

ಸ್ವೆಟರ್ ಮೊದಲು ಚಪ್ಪಾಳೆ ತಟ್ಟಿದ. ಮೇಡಂ ಚೀಲಪ್ಪನ ಬೆನ್ನು ತಟ್ಟಿದರು. ಚೀಲಪ್ಪನ ಕಣ್ಣಲ್ಲಿ ನೀರು ಬಂದು ಗಾಗಲ್ಸಿನೊಳಗೆ ನಿಂತಿತು. ಒಂದು ವರ್ಷದ ಭಾರ ಹೆಗಲಿಂದ ಇಳಿದಂತಾಗಿ ಅವನು ಗೋಡೆಗೆ ಒರಗಿದ. ಹೆಂಡತಿಗೆ ಹೇಗೆ ಹೇಳಬೇಕೆಂದು ಆಗಲೇ ಮಾತು ಜೋಡಿಸತೊಡಗಿದ್ದ.

"ಸರಿ," ಎಂದರು ಮೇಡಂ, ಪರದೆಯ ಕಡೆ ಬಗ್ಗುತ್ತಾ. "ಏನೇನು ಇಲ್ಲ ಅಂತ ಆಯ್ತು. ಏನೇನು ಇದೆ ತೋರ್ಸಿ."

ಮೆಷಿನ್ ಮಾವ ಗಂಟಲು ಸರಿಮಾಡಿಕೊಂಡರು. "ಅದೇ ಮೇಡಂ. ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಇವನು ಹಾಕಿದ ಕಿಣ್ವ ಒಂದಿದೆ. ಉಳಿದಂತೆ ಬರೀ ನೀರು. ಬಹಳ ಒಳ್ಳೇ ನೀರು."

ಚೀಲಪ್ಪನಿಗೆ ನಿಧಾನವಾಗಿ ಸ್ಪಿರಿಟ್ಟಿನ ಬಟ್ಟೆ ಕಣ್ಣ ಮುಂದೆ ಬಂತು. ಸ್ಪಿರಿಟ್ಟಿಗೆ ಮಾರ್ಕರಿನ ಶಾಯಿ ನಿಲ್ಲುವುದಿಲ್ಲ ಎಂಬುದು ಪ್ರಯೋಗಾಲಯಕ್ಕೆ ಮೊದಲ ದಿನ ಬಂದವರಿಗೂ ಗೊತ್ತು. ಒಂದು ಗೆರೆಯಿದ್ದ ಟ್ಯೂಬಿನ ಗೆರೆ ಪೂರ್ತಿ ಅಳಿಸಿತ್ತು. ಎರಡು ಗೆರೆಯಿದ್ದ ಟ್ಯೂಬಿನಲ್ಲಿ ಒಂದು ಉಳಿದಿತ್ತು. ಅವನು ನೀರನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದ, ಒಂದು ವರ್ಷದ ಚೀಲಗಳನ್ನು ತಾನೇ ತೊಟ್ಟಿಗೆ ಸುರಿದು ಮೇಲೆ ಬ್ಲೀಚಿಂಗ್ ಹಾಕಿದ್ದ. ಕೈ ಚಾಚಿದ ಆ ಮುದುಕನ ನೆನಪಾಯಿತು. ತಡವರಿಸಿಕೊಂಡು ನಡೆದದ್ದನ್ನು ಹೇಳಿದ. ಯಾರೂ ನಗಲಿಲ್ಲ, ಅದೇ ಅವನಿಗೆ ಇನ್ನೂ ಕಷ್ಟವಾಯಿತು.

"ನಾನು ತಿಂಗಳ ಕೊನೆಗೆ ಹೊರಡ್ತೀನಿ ಮೇಡಂ," ಎಂದ.

ಮೇಡಂ ಉತ್ತರ ಕೊಡುವ ಮೊದಲು ಮೆಷಿನ್ ಮಾವ ಕುರ್ಚಿ ತಿರುಗಿಸಿದರು. "ಎಲ್ಲಿಗೆ ಕಳಿಸ್ತೀರಿ ಮೇಡಂ ಇವನನ್ನ? ನನಗೆ ದಿನಾ ಹೋಲಿಸಿ ನೋಡೋಕೆ ಒಂದು ಶುದ್ಧ ಸ್ಯಾಂಪಲ್ ಬೇಕು. ಏನೂ ಇಲ್ಲದ ನೀರು. ಯಾರ ಕೈಲೂ ಆಗಿಲ್ಲ. ಹೊರಗಿಂದ ತರಿಸಿದ ನೀರಲ್ಲೂ ಯಾರದೋ ಕೂದಲಿರತ್ತೆ. ಇವನು ಮಾಡಿದ ಹಾಗೆ ನೀರು ಯಾರೂ ಮಾಡಿಲ್ಲ. ಎಲ್ಲಾ ಲ್ಯಾಬಿಗೂ ಇವನೇ ಮಾಡಿಕೊಡ್ಲಿ."

ಮೇಡಂ ಯೋಚಿಸಿದರು. ಅವರಿಗೂ ಮನಸ್ಸಿನಲ್ಲಿ ಕಳಿಸುವ ಇಷ್ಟವಿರಲಿಲ್ಲ, ಒಂದು ನೆಪ ಬೇಕಿತ್ತು. "ಆಗ್ಲಿ. ಒಂದು ವರ್ಷ ಮುಂದುವರಿಸ್ತೀನಿ. ಚೀಲದ ಕೆಲಸ ಸ್ವೆಟರ್ ಹೊಸದಾಗಿ ಶುರು ಮಾಡ್ಲಿ. ನೀನು ನೀರು ನೋಡ್ಕೋ." ಆಮೇಲೆ ಗಾಳಿಯಲ್ಲಿ ಅವನ ತಲೆಯ ಸುತ್ತ ಬೆರಳಾಡಿಸಿದರು. "ಆದ್ರೆ ಇದು ಹೀಗೇ ಇರಬೇಕು. ಹುಬ್ಬೂ ಸೇರಿ. ಅದರಿಂದಾನೇ ಅಲ್ವಾ ಇಷ್ಟು ಶುದ್ಧ ಬಂದಿದ್ದು."

ಸ್ವೆಟರ್ ಮನಸ್ಸು ಕರಗಿ ಬಂದು ಚೀಲಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡ. "ನಿನ್ನ ಚೀಲಗಳನ್ನ ಚೆನ್ನಾಗಿ ನೋಡ್ಕೋತೀನಿ ಕಣೋ," ಎಂದ. ಚೀಲಪ್ಪ ಬಿಡಿಸಿಕೊಳ್ಳಲಿಲ್ಲ. ಇನ್ನು ಉಣ್ಣೆ ಅಂಟಿದರೆ ಏನು, ಬಿಟ್ಟರೆ ಏನು.

ಮನೆಯ ಮೆಟ್ಟಿಲಲ್ಲಿ ಆಂಟಿ ಕಾದಿದ್ದರು. ಕಾಯಿಲೆ ಇಲ್ಲವೆಂದು ಆಗಲೇ ಗೊತ್ತಾಗಿತ್ತು. ಗೊತ್ತಾದ ಮೇಲೆ ಅವರಿಗೆ ತುಸು ನಿರಾಸೆಯಾಗಿತ್ತು, ಇಡೀ ಕಟ್ಟಡಕ್ಕೆ ಮತ್ತೆ ಹೋಗಿ ಇಲ್ಲ ಎಂದು ಹೇಳಿ ಬರಬೇಕಲ್ಲ. "ನನ್ನ ಹತ್ರ ನೀನು ಸರಿಯಾಗಿ ಹೇಳ್ಬೇಕಿತ್ತಪ್ಪ," ಎಂದು ಬಾಗಿಲು ಹಾಕಿಕೊಂಡರು.

ಹೆಂಡತಿ ಸೋಫಾದ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

"ಏನಾಯ್ತು?"

"ಕೆಲಸ ಉಳೀತು. ಒಂದು ವರ್ಷ ಕೊಟ್ಟಿದ್ದಾರೆ."

ಅವಳ ಪೆನ್ನು ನಿಂತಿತು. ಸಿಟ್ಟು ಇಳಿಯುವ ದಾರಿ ಹುಡುಕುತ್ತಿದ್ದಂತೆ ಕಂಡಿತು. "ಚೀಲದಲ್ಲಿ ಪ್ರೋಟೀನು ಸಿಕ್ತಾ?"

"ಇಲ್ಲ. ನೀರು ಸಿಕ್ತು." ಅವನು ಚಪ್ಪಲಿ ಬಿಡದೆ ನಿಂತಲ್ಲೇ ಎಲ್ಲ ಹೇಳಿದ. ಗೆರೆ ಅಳಿಸಿದ್ದು, ಮೆಷಿನ್ ಮಾವ ಹೊಗಳಿದ್ದು, ವರ್ಷವಿಡೀ ಬೋಳಾಗಿರಬೇಕೆಂದು ಮೇಡಂ ಹೇಳಿದ್ದು.

ಅವಳು ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಎದ್ದು ಬಂದಳು. ಅವನ ತಲೆಯನ್ನು ದೀಪದ ಕಡೆಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಕುತ್ತಿಗೆಯ ಮೇಲೆ, ಎರಡು ಕಿವಿಗಳ ಹಿಂದೆ, ಬೆರಳಾಡಿಸಿದಳು.

"ಇಲ್ಲೆಲ್ಲ ಬೋಳಿಸೇ ಇಲ್ಲ ನೀವು."

"ಆಂ?"

"ಕನ್ನಡೀಲಿ ಕಾಣದೇ ಇರೋ ಕಡೆ ಎಲ್ಲಾ ಹಾಗೇ ಇದೆ. ಒಂದು ಹಿಡಿ ಕೂದಲಿದೆ ಇಲ್ಲಿ." ಅವಳು ಒಂದು ಎಳೆ ಕಿತ್ತು ಅವನ ಕಣ್ಣ ಮುಂದೆ ಹಿಡಿದಳು. "ಇದು ಇಡೀ ದಿನ ಇತ್ತು. ಅಮ್ಮ ತಬ್ಬಿಕೊಂಡಿದ್ದೂ ಆಯ್ತು. ಆದ್ರೂ ನೀರಿಗೆ ಒಂದು ಕೂದಲೂ ಬಿದ್ದಿಲ್ಲ. ಅಂದ್ರೆ ಟೋಪಿ ಹಾಕಿ, ಕೈ ತೊಳ್ಕೊಂಡು, ಮುಚ್ಚಳ ಹುಷಾರಾಗಿ ತೆಗೆದಿದ್ದಕ್ಕೇ ಶುದ್ಧ ಬಂತು. ತಲೆ ಬೋಳಿಸಬೇಕಾಗೇ ಇರಲಿಲ್ಲ."

ಚೀಲಪ್ಪ ನಿಂತವನು ಹಾಗೆಯೇ ಸ್ಟೂಲಿನ ಮೇಲೆ ಕೂತ. ಒಂದು ನಿಮಿಷದ ಮೇಲೆ ಅವನ ಮುಖ ಅರಳಿತು. "ಹಾಗಾದ್ರೆ ನಾಳೆನೇ ಮೇಡಂಗೆ ಹೇಳ್ತೀನಿ. ಕೂದಲು ಬಿಡಬಹುದು."

"ಹೇಳಿ ನೋಡಿ," ಎಂದಳು ಹೆಂಡತಿ. "ಕೈ ತೊಳ್ಕೊಂಡು ಟೋಪಿ ಹಾಕ್ಕೊಂಡ್ರೆ ಸಾಕು ಅಂತಾದ್ರೆ ಆ ನೀರನ್ನ ಯಾರು ಬೇಕಾದ್ರೂ ಮಾಡ್ತಾರೆ. ನಿಮ್ಮನ್ನ ಯಾಕೆ ಇಟ್ಕೋತಾರೆ?"

ಅವಳು ಬಚ್ಚಲುಮನೆಗೆ ಹೋಗಿ ಸೋಪು, ಬಿಸಿನೀರು, ರೇಜರು ತಂದಳು. ಹೆಗಲಿಗೆ ಟವೆಲ್ಲು ಸುತ್ತಿದಳು.

"ಇನ್ಮೇಲೆ ಹುಬ್ಬು ನಾನೇ ನೀಟಾಗಿ ತೆಗೀತೀನಿ, ನೀವು ಗಾಯ ಮಾಡ್ಕೊಂಡಿದ್ದೀರ," ಎಂದು ಅವನ ತಲೆಯನ್ನು ಮುಂದಕ್ಕೆ ಬಗ್ಗಿಸಿ ಕಿವಿಯ ಹಿಂದಿನಿಂದ ಶುರು ಮಾಡಿದಳು.